ನಿಬ್ಬು ನೋಡಿ ಪೆನ್ನು ಕೊಳ್ಳಿ

2009ರ ಗಾಂಧಿ ಜಯಂತಿಯ ಹೊತ್ತಿಗೆ ಜರ್ಮನಿಯ ಮಾಂಟ್‌ಬ್ಲಾಂಕ್ ಕಂಪನಿ ಗಾಂಧೀಜಿಯ ಹೆಸರಿನಲ್ಲಿ ಒಂದು ಫೌಂಟನ್ ಪೆನ್ನು ತಂದಿತು. ಬೆಲೆ 11 ಲಕ್ಷ ರೂಪಾಯಿಗೂ ಮೇಲೆ. ದಂಡಿ ಯಾತ್ರೆಯ 241 ಮೈಲಿಗೆ ಲೆಕ್ಕ ಹೊಂದಲೆಂದು ಮಾಡಿದ್ದೂ 241 ಪೆನ್ನು. ಚಿನ್ನದ ನಿಬ್ಬಿನ ಮೇಲೆ ಕೋಲು ಹಿಡಿದ ಗಾಂಧಿಯ ಚಿತ್ರ. ಕೇರಳ ಹೈಕೋರ್ಟಿಗೆ ಅರ್ಜಿ ಹೋಯಿತು, ಗದ್ದಲವಾಯಿತು, ಮರುವರ್ಷ ಕಂಪನಿ ಮಾರಾಟ ನಿಲ್ಲಿಸಿತು.

ಅದೇ ಗಾಂಧೀಜಿ 1935ರಲ್ಲಿ ಗೋದಾವರಿ ದಡದ ರಾಜಮಂಡ್ರಿಗೆ ಒಂದು ಕಾಗದ ಬರೆದಿದ್ದರು. ಅದು ಹೋದದ್ದು ಕೆ.ವಿ. ರತ್ನಂ ಎಂಬ ಕುಶಲಕರ್ಮಿಗೆ. ಸ್ವದೇಶಿ ಚಳವಳಿಯ ಕಾಲ. ಒಳ್ಳೆಯ ಪೆನ್ನೆಂದರೆ ಹಡಗಿನಲ್ಲಿ ಬರುವ ಸಾಮಾನು ಎಂದೇ ಎಲ್ಲರ ಎಣಿಕೆ. ರತ್ನಂ ಎಬೊನೈಟ್ ಕಡ್ಡಿಯನ್ನು ಲೇತಿನಲ್ಲಿ ಕಡೆದು ಇಲ್ಲಿಯೇ ಪೆನ್ನು ಮಾಡಿ ಗಾಂಧೀಜಿಗೆ ತಲುಪಿಸಿದ್ದರು. ಬಳಸಿ ನೋಡಿದ ಗಾಂಧೀಜಿ, ಪರದೇಶಿ ಪೆನ್ನುಗಳ ಜಾಗದಲ್ಲಿ ಇದು ನಿಲ್ಲಬಲ್ಲದು ಎಂಬರ್ಥದ ಮೆಚ್ಚುಗೆ ತಿಳಿಸಿದರು. ರತ್ನಂ ಹೆಸರಿನ ಪೆನ್ನು ರಾಜಮಂಡ್ರಿಯಿಂದ ಇವತ್ತಿಗೂ ಬರುತ್ತಿದೆ.

ಒಳ್ಳೆಯ ಪೆನ್ನೊಂದು ಬೇಕು ಎಂದು ಹೊರಟವರು ಸುತ್ತಾಡುವುದು ಈ ಎರಡು ಪೆನ್ನುಗಳ ನಡುವಿನ ಬಯಲಿನಲ್ಲಿ. ಇನ್ನೂರು ರೂಪಾಯಿಗೂ ಪೆನ್ನುಂಟು, ಎರಡು ಲಕ್ಷಕ್ಕೂ ಉಂಟು. ಎರಡರಲ್ಲೂ ಇಂಕು ತುಂಬಬಹುದು, ಎರಡರಲ್ಲೂ ಬರೆಯಬಹುದು. ಬರವಣಿಗೆಯ ಸುಖಕ್ಕೆಂದು ಕೊಡಬೇಕಾದ ದುಡ್ಡು ಒಂದು ಹಂತಕ್ಕೆ ಮುಗಿದುಹೋಗುತ್ತದೆ. ಅದರಾಚೆಗೆ ಕೊಡುವುದೆಲ್ಲ ಕುಸುರಿಗೆ, ಅಪರೂಪಕ್ಕೆ, ಹೆಸರಿಗೆ. ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ತಿಳಿದು ಕೊಡಿ, ಅಷ್ಟೇ.

ಪೆನ್ನು ಒಡವೆಯಾದ ಕಥೆ ಅಷ್ಟೇನೂ ಹಳೆಯದಲ್ಲ. ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ತನ್ನ ಫೌಂಟನ್ ಪೆನ್ನಿಗೆ ಪೇಟೆಂಟ್ ಪಡೆದದ್ದು 1884ರಲ್ಲಿ. ಜಾರ್ಜ್ ಪಾರ್ಕರ್ ಅಮೆರಿಕದ ಜೇನ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಟೆಲಿಗ್ರಾಫ್ ಕಲಿಸುತ್ತಿದ್ದ ಮೇಷ್ಟ್ರು. ತಾನೇ ಮಾರಿದ ಬೇರೆ ಕಂಪನಿಯ ಪೆನ್ನುಗಳನ್ನು ವಿದ್ಯಾರ್ಥಿಗಳಿಗೆ ರಿಪೇರಿ ಮಾಡಿಕೊಟ್ಟು ಮಾಡಿಕೊಟ್ಟು ಸಾಕಾಗಿ, 1888ರಲ್ಲಿ ಸ್ವಂತ ಕಂಪನಿ ತೆರೆದ. ಅಲ್ಲಿಂದ ಮುಂದಿನ ಆರು ದಶಕ ಫೌಂಟನ್ ಪೆನ್ನು ಗುಮಾಸ್ತ, ಡಾಕ್ಟರು, ವಿದ್ಯಾರ್ಥಿ, ಸೈನಿಕ ಎಲ್ಲರ ಕೈಯ ಸಾಧನ. ಹಂಗೇರಿಯ ಲಾಸ್ಲೋ ಬೀರೊ 1938ರಲ್ಲಿ ಬಾಲ್‌ಪೆನ್ನಿಗೆ ಪೇಟೆಂಟ್ ಪಡೆದ. 1945ರಲ್ಲಿ ಬಾಲ್‌ಪೆನ್ನು ನ್ಯೂಯಾರ್ಕಿನ ಅಂಗಡಿಗೆ ಬಂದಾಗ ಜನ ಮುಗಿಬಿದ್ದರು. ಮುಂದಿನ ಎರಡು ಮೂರು ದಶಕಗಳಲ್ಲಿ ಇಂಕು ತುಂಬುವ, ಕೈ ಒರೆಸಿಕೊಳ್ಳುವ ರಗಳೆ ಯಾರಿಗೂ ಬೇಡವಾಯಿತು.

ಪೆನ್ನಿನ ಕಂಪನಿಗಳು ಕೆಲವು ಮುಚ್ಚಿದವು, ಕೆಲವು ಬಾಲ್‌ಪೆನ್ನಿಗೆ ಹೊರಳಿದವು. ಇನ್ನು ಕೆಲವು ಫೌಂಟನ್ ಪೆನ್ನನ್ನೇ ಶೋಕಿಯ ವಸ್ತುವಾಗಿ ಮಾಡಿಕೊಂಡು ಬದುಕಿದವು. 1977ರಲ್ಲಿ ಡನ್‌ಹಿಲ್ ಎಂಬ ಕಂಪನಿಯ ಕೈಸೇರಿದ ಮಾಂಟ್‌ಬ್ಲಾಂಕ್ ಅಗ್ಗದ ಪೆನ್ನುಗಳನ್ನು ಕೈಬಿಟ್ಟು, 1924ರಿಂದ ಇದ್ದ ತನ್ನ ಮೈಸ್ಟರ್‌ಷ್ಟುಕ್ ಹೆಸರಿನ ಸುತ್ತಲೇ ವ್ಯಾಪಾರ ಕಟ್ಟಿತು. 1992ರಲ್ಲಿ ಹೆಮಿಂಗ್ವೇ ಹೆಸರಿನ ಸೀಮಿತ ಸಂಖ್ಯೆಯ ಪೆನ್ನು ಬಂದ ಮೇಲಂತೂ ಸತ್ತ ಲೇಖಕರಿಗೆಲ್ಲ ಒಂದೊಂದು ಪೆನ್ನಿನ ಯೋಗ ಕೂಡಿಬಂತು. ಗಾಂಧೀಜಿಯ ಹೆಸರು ಅಲ್ಲಿಗೆ ತಲುಪಿದ್ದು ಈ ದಾರಿಯಲ್ಲಿ.

ನಮ್ಮಲ್ಲಿ ಇಂಕ್ ಪೆನ್ನು ಇನ್ನಷ್ಟು ಕಾಲ ಉಳಿಯಿತು. ಬಾಲ್‌ಪೆನ್ನು ಹಿಡಿದರೆ ಅಕ್ಷರ ಕೆಡುತ್ತದೆ ಎಂದು ನಂಬಿದ್ದ ಮೇಷ್ಟರುಗಳು ಅದಕ್ಕೆ ಕಾರಣ. ಗೆಜೆಟೆಡ್ ಅಧಿಕಾರಿಯ ಹಸಿರು ಇಂಕಿನ ಸಹಿಗೆ ಇದ್ದ ಮರ್ಯಾದೆಯೂ ಕಾರಣ. ಊರೂರಿನ ಅಂಬೇಡ್ಕರ್ ಪ್ರತಿಮೆಯ ಎದೆಜೇಬಿನಲ್ಲಿ ಪೆನ್ನು ಇರುವುದನ್ನು ಗಮನಿಸಿ. ಈ ದೇಶದಲ್ಲಿ ಪೆನ್ನಿಗೆ ಸಿಕ್ಕ ಅತಿ ದೊಡ್ಡ ಗೌರವ ಅದು, ಯಾವ ಕಂಪನಿಯೂ ದುಡ್ಡು ಕೊಟ್ಟು ಮಾಡಿಸಿದ್ದಲ್ಲ.

ಬರೆಯುವುದು ಯಾವುದು?

ಫೌಂಟನ್ ಪೆನ್ನಿನಲ್ಲಿ ಬರೆಯುವ ಭಾಗಗಳು ಮೂರೇ: ನಿಬ್ಬಿನ ತುದಿಯಲ್ಲಿರುವ ಸಣ್ಣ ಕಾಳು, ನಿಬ್ಬಿನ ಸೀಳು, ನಿಬ್ಬಿನ ಕೆಳಗೆ ಅಂಟಿಕೊಂಡಿರುವ ಕಪ್ಪು ನಾಲಿಗೆ. ಮಿಕ್ಕದ್ದು ಇಂಕಿನ ಡಬ್ಬಿ ಮತ್ತು ಹಿಡಿಕೆ.

ನಾಲಿಗೆಯಿಂದಲೇ ಶುರುಮಾಡೋಣ, ಯಾಕೆಂದರೆ ಅದನ್ನು ಯಾರೂ ನೋಡುವುದಿಲ್ಲ. ಪೆನ್ನಿನ ಹೊಟ್ಟೆಯಿಂದ ಇಂಕು ಇಳಿಯಬೇಕಾದರೆ ಅಷ್ಟೇ ಗಾಳಿ ಒಳಗೆ ಹೋಗಬೇಕು. ನೀರು ತುಂಬಿದ ಬಾಟಲಿಯನ್ನು ಬೋರಲು ಹಿಡಿದರೆ ಗುಳುಗುಳು ಸದ್ದು ಮಾಡುತ್ತ ನಡೆಯುವ ಕೊಡುಕೊಳ್ಳುವಿಕೆ ಇದೇ. ಅದನ್ನು ಸದ್ದಿಲ್ಲದೆ, ಒಂದೊಂದು ಹನಿಯ ಲೆಕ್ಕದಲ್ಲಿ, ಪೆನ್ನು ಓರೆಯಾಗಿದ್ದಾಗಲೂ ನಡೆಸುವುದು ನಾಲಿಗೆಯ ಕೆಲಸ. ಅದರ ಬೆನ್ನಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳಿವೆ. ಕಿರಿದಾದ ಸಂದಿನಲ್ಲಿ ದ್ರವ ತಾನಾಗಿ ಹರಿಯುವ ಗುಣದಿಂದ ಇಂಕು ಆ ಗೀರುಗಳಲ್ಲಿ ಸಾಗಿ ನಿಬ್ಬಿನ ಸೀಳನ್ನು ಮುಟ್ಟುತ್ತದೆ. ವಾಟರ್‌ಮನ್ ಪೇಟೆಂಟಿನ ತಿರುಳೂ ಈ ಗೀರುಗಳೇ. ವಿಮೆ ಏಜೆಂಟನಾಗಿದ್ದ ಆತನ ಕರಾರುಪತ್ರದ ಮೇಲೆ ಇಂಕು ಚೆಲ್ಲಿ ಗಿರಾಕಿ ಕೈತಪ್ಪಿದ, ಆ ಸಿಟ್ಟಿಗೆ ಒಳ್ಳೆಯ ಪೆನ್ನು ಕಂಡುಹಿಡಿದ ಎಂಬ ಕಥೆ ಎಲ್ಲೆಡೆ ಸಿಗುತ್ತದೆ. ಪೆನ್ನಿನ ಚರಿತ್ರೆ ಬಲ್ಲವರು ಅದನ್ನು ನಂಬುವುದಿಲ್ಲ. ಜಾಹೀರಾತಿಗೆ ಹೇಳಿ ಮಾಡಿಸಿದಂತಿದೆ. ನಾಲಿಗೆಯ ಅಡಿಯಲ್ಲಿ ಕಾಣುವ ಸಾಲು ಸಾಲು ಎಸಳುಗಳು ಹೆಚ್ಚುವರಿ ಇಂಕನ್ನು ತಡೆದಿಟ್ಟುಕೊಳ್ಳಲು ಇರುವಂಥವು. ಅಂಗೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಇಂಕನ್ನು ನೂಕಿದಾಗ ಅದು ಕಾಗದಕ್ಕೆ ಬೀಳದೆ ಆ ಎಸಳುಗಳ ನಡುವೆ ನಿಲ್ಲುತ್ತದೆ.

ಇನ್ನು ನಿಬ್ಬು. ಚಿನ್ನದ ನಿಬ್ಬಿನ ಮೇಲೆ 585 ಎಂದಿದ್ದರೆ 14 ಕ್ಯಾರೆಟ್, 750 ಎಂದಿದ್ದರೆ 18 ಕ್ಯಾರೆಟ್. ಜಪಾನಿನ ಸೈಲರ್ ಕಂಪನಿ 21 ಕ್ಯಾರೆಟ್ಟಿನದ್ದನ್ನೂ ಮಾಡುತ್ತದೆ. ಹಿಂದೆ ಚಿನ್ನ ಬೇಕಾಗಿದ್ದು ಅಂದಕ್ಕಲ್ಲ. ಕಬ್ಬಿಣದ ಉಪ್ಪು ಬೆರೆತ ಹುಳಿ ಇಂಕು ಆಗಿನ ಉಕ್ಕಿನ ನಿಬ್ಬನ್ನು ತಿಂದುಹಾಕುತ್ತಿತ್ತು, ಚಿನ್ನವನ್ನು ಮುಟ್ಟುತ್ತಿರಲಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಬಂದ ಮೇಲೆ ಆ ಕಾರಣ ಹೆಚ್ಚುಕಡಿಮೆ ಹೋಯಿತು. ಕಾಗದಕ್ಕೆ ತಾಗುವ ತುದಿ ಯಾವ ಪೆನ್ನಿನಲ್ಲೂ ಚಿನ್ನದ್ದಲ್ಲ. ಚಿನ್ನ ಮೆದು, ಕಾಗದಕ್ಕೆ ಉಜ್ಜಿದರೆ ಬಹುಬೇಗ ಸವೆಯುತ್ತದೆ. ಅದಕ್ಕೇ ತುದಿಗೆ ಅತಿ ಗಟ್ಟಿಯಾದ ಮಿಶ್ರಲೋಹದ ಕಾಳನ್ನು ಬೆಸೆದು, ಸೀಳಿ, ಉಜ್ಜಿ ನಯಮಾಡುತ್ತಾರೆ. ನಯ, ಗೀರು, ಒರಟು ಎಂದು ನಾವು ಹೇಳುವುದೆಲ್ಲ ಆ ಕಾಳಿನ ಉಜ್ಜುವಿಕೆಯ ಬಗ್ಗೆ. ಚಿನ್ನದ ನಿಬ್ಬಿನಲ್ಲಿ ಒಂದಿಷ್ಟು ಮೆತ್ತಗಿನ ಪುಟಿತ ಸಿಗಬಹುದು, ಅದೂ ನಿಬ್ಬಿನ ಆಕಾರ ಮತ್ತು ದಪ್ಪ ನೋಡಿಕೊಂಡು. ಸರಿಯಾಗಿ ಉಜ್ಜಿದ ಸ್ಟೀಲ್ ನಿಬ್ಬು ಅಡ್ಡಾದಿಡ್ಡಿ ಉಜ್ಜಿದ ಚಿನ್ನದ ನಿಬ್ಬಿಗಿಂತ ಎಷ್ಟೋ ಮೇಲು.

ಅಂಗಡಿಯವರು ಸುಲಭಕ್ಕೆ ಹೇಳದ ಸಂಗತಿ ಇನ್ನೊಂದಿದೆ. ಹಲವು ಹೆಸರುವಾಸಿ ಪೆನ್ನುಗಳ ನಿಬ್ಬನ್ನು ಆ ಹೆಸರಿನವರು ಮಾಡುವುದೇ ಇಲ್ಲ. ಬರ್ಲಿನ್ನಿನ ಯೋವೋ, ಹೈಡೆಲ್‌ಬರ್ಗಿನ ಬಾಕ್ ಎಂಬ ಎರಡು ಜರ್ಮನ್ ಕಾರ್ಖಾನೆಗಳು ಜಗತ್ತಿಗೆಲ್ಲ ನಿಬ್ಬು ಒದಗಿಸುತ್ತವೆ. ಕೊಳ್ಳುವ ಕಂಪನಿ ತನ್ನ ಮುದ್ರೆ ಒತ್ತಿಸಿಕೊಳ್ಳುತ್ತದೆ. ಹೀಗಾಗಿ ಐದು ಸಾವಿರದ ಪೆನ್ನಿಗೂ ಐವತ್ತು ಸಾವಿರದ ಪೆನ್ನಿಗೂ ಒಂದೇ ಕಾರ್ಖಾನೆಯ ಒಂದೇ ಅಳತೆಯ ಸ್ಟೀಲ್ ನಿಬ್ಬು ಇರುವುದು ಸಾಧ್ಯ. ಕೊಳ್ಳುವ ಮುಂಚೆ ಕೇಳಿ: ಈ ನಿಬ್ಬು ಯಾರದು? ಪೈಲಟ್, ಸೈಲರ್, ಪ್ಲಾಟಿನಂ ಎಂಬ ಜಪಾನಿನ ಮೂವರು, ಜರ್ಮನಿಯ ಪೆಲಿಕಾನ್, ಲಾಮಿ, ಇಟಲಿಯ ಅರೋರಾ ತಮ್ಮ ನಿಬ್ಬನ್ನು ತಾವೇ ಮಾಡಿಕೊಳ್ಳುತ್ತಾರೆ. ಅಲ್ಲಿ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ನಿಜಕ್ಕೂ ಬರವಣಿಗೆಗೆ ಹೋಗಿರುತ್ತದೆ.

ಗುಂಡಕ್ಷರಕ್ಕೆ ಯಾವ ನಿಬ್ಬು?

ಪೆನ್ನಿನ ಬಗ್ಗೆ ಸಿಗುವ ಸಲಹೆಗಳೆಲ್ಲ ರೋಮನ್ ಅಕ್ಷರ ಬರೆಯುವವರಿಗೆ ಹೇಳಿದವು. ಕನ್ನಡ ಬರೆಯುವ ಕೈಗೆ ಅವು ಅರ್ಧ ಮಾತ್ರ ಒಗ್ಗುತ್ತವೆ. ಇಂಗ್ಲಿಷ್ ಬರೆಯುವಾಗ ಕೈ ಹೆಚ್ಚಾಗಿ ಮೇಲಿಂದ ಕೆಳಕ್ಕೆ ಎಳೆಯುತ್ತದೆ. ಕನ್ನಡದಲ್ಲಿ ಕೈ ಸುತ್ತುತ್ತದೆ. ಒಂದು ‘ಅ’ ಮುಗಿಯುವುದರೊಳಗೆ ನಿಬ್ಬು ಎಡಕ್ಕೆ, ಕೆಳಕ್ಕೆ, ಬಲಕ್ಕೆ, ಮೇಲಕ್ಕೆ ನಾಲ್ಕೂ ದಿಕ್ಕಿಗೆ ಹೋಗಿ ಬಂದಿರುತ್ತದೆ. ಕೆಳಕ್ಕೆ ಎಳೆಯುವಾಗ ನಯವಾಗಿದ್ದು ಮೇಲಕ್ಕೆ ನೂಕುವಾಗ ಕಾಗದ ಕೆರೆಯುವ ನಿಬ್ಬುಗಳು ಬೇಕಾದಷ್ಟಿವೆ. ಇಂಗ್ಲಿಷಿನಲ್ಲಿ ಸಹಿ ಹಾಕಿ ನೋಡಿದರೆ ಆ ಐಬು ಗೊತ್ತಾಗುವುದಿಲ್ಲ. ಅಂಗಡಿಗೆ ಹೋದ ಬಹುಪಾಲು ಕನ್ನಡಿಗರು ಪೆನ್ನು ಪರೀಕ್ಷಿಸಲು ಇಂಗ್ಲಿಷಿನಲ್ಲೇ ಸಹಿ ಹಾಕುತ್ತಾರೆ, ಯಾಕೋ!

ಎರಡನೆಯದು ಗೆರೆಯ ದಪ್ಪ. ‘ರ’ಕ್ಕೂ ‘ಠ’ಕ್ಕೂ ಇರುವ ವ್ಯತ್ಯಾಸ ನಡುವಿನ ಒಂದು ಚುಕ್ಕೆ. ‘ದ’ ಮತ್ತು ‘ಧ’ ಬೇರೆಯಾಗುವುದು ಕೆಳಗಿನ ಒಂದು ಚಿಕ್ಕ ಸೀಳಿನಿಂದ. ಅಗಲದ ನಿಬ್ಬಿನಲ್ಲಿ ಬರೆದರೆ ಈ ಸಂದುಗಳೆಲ್ಲ ಇಂಕು ತುಂಬಿ ಮುಚ್ಚಿಹೋಗುತ್ತವೆ. ಅದರ ಮೇಲೆ ಒತ್ತಕ್ಷರ. ‘ರಾಷ್ಟ್ರ’, ‘ಲಕ್ಷ್ಮಿ’ ಬರೆಯುವಾಗ ಅಕ್ಷರದ ಕೆಳಗೆ ಎರಡು ಅಂತಸ್ತು ಇಳಿಯಬೇಕು, ಅದೂ ಮುಂದಿನ ಗೆರೆಗೆ ತಾಗದಂತೆ. ಆದ್ದರಿಂದ ನಮ್ಮ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಯುರೋಪಿನ ಎಫ್ (ಫೈನ್, ಅಂದರೆ ಸಣ್ಣ) ಅಥವಾ ಜಪಾನಿನ ಎಂ (ಮೀಡಿಯಂ, ಅಂದರೆ ಮಧ್ಯಮ) ಸಾಕು. ಸಣ್ಣಕ್ಷರದವರಿಗೆ ಜಪಾನಿನ ಎಫ್ ಹೇಳಿ ಮಾಡಿಸಿದ್ದು. ಅಳತೆಯ ಹೆಸರು ಒಂದೇ ಇದ್ದರೂ ಜಪಾನಿನ ನಿಬ್ಬು ಯುರೋಪಿನದಕ್ಕಿಂತ ಒಂದು ಹಂತ ಸಣ್ಣಗೆ ಬರೆಯುತ್ತದೆ. ಇಕ್ಕಟ್ಟಿನಲ್ಲಿ ಹತ್ತಾರು ಗೆರೆ ಕೂರಿಸಬೇಕಾದ ಲಿಪಿ ಅವರದು; ಆ ವಿಷಯದಲ್ಲಿ ನಮ್ಮ ಕಷ್ಟ ಅವರಿಗೆ ಅರ್ಥವಾಗುತ್ತದೆ.

ಒತ್ತಿದಾಗ ಬಾಯಿ ಬಿಚ್ಚಿ ಗೆರೆ ಅಗಲವಾಗುವ ನಿಬ್ಬಿಗೆ ಈಗ ದೊಡ್ಡ ಮೋಹವಿದೆ. ಅದು ಕೆಳಮುಖದ ಗೆರೆ ದಪ್ಪ, ಮೇಲ್ಮುಖದ ಗೆರೆ ತೆಳು ಇರುವ ಇಂಗ್ಲಿಷ್ ಕೂಡುಬರಹಕ್ಕೆ ಹುಟ್ಟಿದ್ದು. ಕನ್ನಡದ ಸುತ್ತಿನಲ್ಲಿ ಅದನ್ನು ಒತ್ತಿಕೊಂಡು ಮೇಲಕ್ಕೆ ನೂಕಿದಿರೋ, ತುದಿ ಕಾಗದಕ್ಕೆ ಚುಚ್ಚಿಕೊಂಡು ಇಂಕು ಚಿಮ್ಮುತ್ತದೆ. ನನ್ನ ಮಟ್ಟಿಗೆ ಕನ್ನಡಕ್ಕೆ ಅದು ವ್ಯರ್ಥ ಖರ್ಚು. ಬೇಕಿದ್ದರೆ ತುದಿಯನ್ನು ಚಪ್ಪಟೆ ಕತ್ತರಿಸಿದ ಸ್ಟಬ್ ನಿಬ್ಬು ಪ್ರಯತ್ನಿಸಿ: ಅಕ್ಷರದ ಪಕ್ಕದ ಗೋಡೆಗಳು ದಪ್ಪವಾಗಿ, ತಲೆಕಟ್ಟು ತೆಳುವಾಗಿ ಬರುತ್ತದೆ. ಅದಕ್ಕೆ ತಿರುಗುಮುರುಗಾಗಿ ಉಜ್ಜಿದ ಆರ್ಕಿಟೆಕ್ಟ್ ಎಂಬ ಬಗೆಯಲ್ಲಿ ತಲೆಕಟ್ಟೇ ದಪ್ಪ. ಲಗ್ನಪತ್ರಿಕೆಯ ಮೇಲೆ ವಿಳಾಸ ಬರೆಯುವವರಿಗೆ, ದೊಡ್ಡಕ್ಷರದವರಿಗೆ ಎರಡೂ ಸೊಗಸು. ದಿನದ ಟಿಪ್ಪಣಿಗೆ ಬೇಡ.

ಹಾಗಾದರೆ ಅಂಗಡಿಯಲ್ಲಿ ಮಾಡಬೇಕಾದ್ದು ಇಷ್ಟು. ನಿಮ್ಮದೇ ನೋಟ್‌ಬುಕ್ ಒಯ್ಯಿರಿ. ಅಂಗಡಿಯವರು ಕೊಡುವ ನುಣುಪು ಕಾಗದದ ಮೇಲೆ ಯಾವ ಪೆನ್ನೂ ಚೆನ್ನಾಗಿಯೇ ಓಡುತ್ತದೆ. ನಿಂತುಕೊಂಡು ಗೀಚಬೇಡಿ, ಕೂತು ಬರೆಯಿರಿ. ಇಂಕಿಗೆ ಅದ್ದಿದ ಕೂಡಲೇ ಬರೆದರೆ ಗೆರೆ ಸಹಜಕ್ಕಿಂತ ಒದ್ದೆಯಾಗಿ, ನಯವಾಗಿ ಬರುತ್ತದೆ. ನಾಲ್ಕು ಸಾಲು ಹೋದ ಮೇಲಿನದ್ದನ್ನು ನಂಬಿ. ಕಥೆ, ಝರಿ, ಠಾಣೆ, ರಾಷ್ಟ್ರ, ಲಕ್ಷ್ಮಿ ಬರೆದು ನೋಡಿ. ಪೆನ್ನನ್ನು ಎರಡು ನಿಮಿಷ ಮುಚ್ಚಳ ತೆಗೆದಿಟ್ಟು ಮತ್ತೆ ಬರೆದು, ಮೊದಲ ಅಕ್ಷರ ಬರುತ್ತದೋ ಇಲ್ಲವೋ ಗಮನಿಸಿ. ಅತಿಯಾಗಿ ನಯಮಾಡಿದ ಕಾಳಿನಲ್ಲಿ ಸೀಳಿನ ಒಳ ಅಂಚುಗಳು ಉರುಟಾಗಿ ಇಂಕು ಕಾಗದ ಮುಟ್ಟುವುದೇ ಇಲ್ಲ. ಬೆಣ್ಣೆಯಂತಿದೆ ಎಂದು ಮೆಚ್ಚಿ ತಂದ ಪೆನ್ನು ಪ್ರತಿ ವಾಕ್ಯದ ಮೊದಲಕ್ಷರ ನುಂಗುವುದು ಈ ಕಾರಣಕ್ಕೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ಜೇಬಿನಲ್ಲಿದ್ದರೆ ನಿಬ್ಬಿನ ಎರಡು ಹಲ್ಲುಗಳು ಒಂದೇ ಮಟ್ಟದಲ್ಲಿವೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ಅಂಗಡಿಯವರು ಹುಬ್ಬೇರಿಸಿದರೆ ಏರಿಸಲಿ.

ಮೊದಲ ಪೆನ್ನಿಗೆ ಎರಡು ಮೂರು ಸಾವಿರದ ಆಸುಪಾಸು ಸಾಕು. 1980ರಿಂದ ಬರುತ್ತಿರುವ ಲಾಮಿ ಸಫಾರಿ, ಪೈಲಟ್ಟಿನ ಮೆಟ್ರೋಪಾಲಿಟನ್ ಇಬ್ಬರೂ ನಂಬಬಹುದಾದವರು. ಸಫಾರಿಯ ಹಿಡಿಕೆಯಲ್ಲಿ ಬೆರಳಿಗೆಂದು ಮಾಡಿದ ಚಪ್ಪಟೆ ಪಕ್ಕಗಳು ಕೆಲವರಿಗೆ ಹಿಡಿಸುವುದಿಲ್ಲ, ಹಿಡಿದು ನೋಡದೆ ತರಿಸಬೇಡಿ. ಚಿನ್ನದ ನಿಬ್ಬಿಗೆ ಏರುವ ಆಸೆಯಿದ್ದರೆ ಪ್ಲಾಟಿನಂ ಕಂಪನಿಯ 3776ರಿಂದ ಶುರುಮಾಡಿ. ಹೆಸರಿನ ಅಂಕಿ ಫ್ಯೂಜಿ ಪರ್ವತದ ಎತ್ತರ, ಮೀಟರುಗಳಲ್ಲಿ. ಅದರ ಮುಚ್ಚಳದೊಳಗೆ ಸ್ಪ್ರಿಂಗ್ ಹಾಕಿದ ಇನ್ನೊಂದು ಮುಚ್ಚಳವಿದೆ. ತಿಂಗಳುಗಟ್ಟಲೆ ಮುಟ್ಟದಿದ್ದರೂ ಇಂಕು ಒಣಗದಿರಲು ಈ ಏರ್ಪಾಡು. ವಾರಕ್ಕೊಮ್ಮೆ ಪೆನ್ನು ಹಿಡಿಯುವ ನಮ್ಮಂಥವರಿಗೆ ವಜ್ರ ವೈಡೂರ್ಯಕ್ಕಿಂತ ಇದು ಹೆಚ್ಚು.

ರಬ್ಬರು, ಗಂಧಕ, ಲೇತು

ಲಾಮಿ, ಪೈಲಟ್‌ಗಳನ್ನು ಮಾಡುವುದು ಯಂತ್ರ. ರಾಜಮಂಡ್ರಿಯ ರತ್ನಂ ಮತ್ತು ಗೈಡರ್, ತಮಿಳುನಾಡಿನ ತಿರುವಳ್ಳೂರಿನ ರಂಗಾ, ಚೆನ್ನೈನ ಆಸಾ ಇವರ ಪೆನ್ನು ಹುಟ್ಟುವುದು ಬೇರೆ ರೀತಿ. ರಬ್ಬರಿಗೆ ಮೂರರಲ್ಲೊಂದು ಪಾಲಿನ ಆಸುಪಾಸಿನಷ್ಟು ಗಂಧಕ ಬೆರೆಸಿ ಬೇಯಿಸಿದರೆ ಅದು ಮರದಷ್ಟು ಗಟ್ಟಿಯಾಗುತ್ತದೆ, ಅದೇ ಎಬೊನೈಟ್. ಪ್ಲಾಸ್ಟಿಕ್ ಬರುವ ಮುಂಚೆ ಜಗತ್ತಿನ ಬಹುಪಾಲು ಫೌಂಟನ್ ಪೆನ್ನುಗಳು ಇದರದ್ದೇ ಆಗಿದ್ದವು. ಅದರ ಕಡ್ಡಿಯನ್ನು ಲೇತಿಗೆ ಕಟ್ಟಿ ಕುಶಲಕರ್ಮಿ ಕೈಯಿಂದ ಕಡೆಯುತ್ತಾನೆ, ಒಳಗೆ ಕೊರೆಯುತ್ತಾನೆ, ತಿರುಪಿನ ಮರೆ ಹಾಕುತ್ತಾನೆ, ಪಾಲಿಶ್ ಮಾಡುತ್ತಾನೆ. ಕೈಗೆ ಬೆಚ್ಚಗೆ, ಬೆವರಿದರೂ ಜಾರದ ಹಿಡಿತ. ಉಜ್ಜಿದರೆ ಸಣ್ಣಗೆ ಗಂಧಕದ ವಾಸನೆ. ಬಿಸಿಲಿಗೆ ಇಟ್ಟರೆ ಕಪ್ಪು ಬಣ್ಣ ಮಾಸಿ ಹಸಿರುಗಂದು ಆಗುತ್ತದೆ, ಬಿಸಿನೀರಿನಲ್ಲಿ ತೊಳೆದರೂ ಅದೇ ಗತಿ. ನಾಲಿಗೆಗೂ ಎಬೊನೈಟೇ ಲೇಸು, ಇಂಕು ಅದರ ಮೈಗೆ ಸಲೀಸಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ ಇಂಕನ್ನು ಒಲ್ಲದು, ಅದಕ್ಕೆ ಬೇರೆ ಸಂಸ್ಕಾರ ಮಾಡಬೇಕು.

ಇಂಥ ಪೆನ್ನನ್ನು ನಿಮ್ಮ ಕೈಯ ಅಳತೆ, ಬಣ್ಣ, ಕ್ಲಿಪ್ ಇರಬೇಕೋ ಬೇಡವೋ ಎಲ್ಲವನ್ನೂ ಹೇಳಿ ಮಾಡಿಸಿಕೊಳ್ಳಬಹುದು. ಯುರೋಪಿನಲ್ಲಿ ಲಕ್ಷ ಕೊಟ್ಟರೂ ಸುಲಭಕ್ಕೆ ಸಿಗದ ಸವಲತ್ತು ಇಲ್ಲಿ ಕೆಲವೇ ಸಾವಿರಕ್ಕೆ ದಕ್ಕುತ್ತದೆ. ಈ ಕುಶಲಕರ್ಮಿಗಳಲ್ಲಿ ಕೆಲವರು ಜರ್ಮನ್ ನಿಬ್ಬು ಕೂರಿಸಿಯೂ ಕೊಡುತ್ತಾರೆ; ಸ್ವದೇಶಿಯ ಮಾತು ಸ್ವಲ್ಪ ಪಕ್ಕಕ್ಕಿಟ್ಟು ಅದನ್ನೇ ಹಾಕಿಸಿ ಎನ್ನುತ್ತೇನೆ. ನಮ್ಮ ಕುಶಲಕರ್ಮಿಗಳ ಲೇತಿನ ಕೆಲಸ ಮೊದಲ ದರ್ಜೆಯದು. ಇಲ್ಲಿಯ ಅಗ್ಗದ ನಿಬ್ಬಿನ ಬಗ್ಗೆ ಹಾಗೆ ಹೇಳಲಾಗದು, ಒಂದು ನಿಬ್ಬು ಇದ್ದಂತೆ ಇನ್ನೊಂದಿರುವುದಿಲ್ಲ.

ಇವುಗಳಲ್ಲಿ ಬಹಳಷ್ಟು ಫಿಲ್ಲರಿನಿಂದ ನೇರವಾಗಿ ಹೊಟ್ಟೆಗೇ ಇಂಕು ತುಂಬುವ ಪೆನ್ನುಗಳು. ಬೇರೆ ಪೆನ್ನುಗಳ ಒಳಗೆ ಕೂರಿಸುವ ಕನ್ವರ್ಟರ್ ಎಂಬ ಕೊಳವೆಯಲ್ಲಿ ಒಂದು ಮಿಲಿಲೀಟರಿನಷ್ಟು ಇಂಕು ಹಿಡಿದರೆ ಹೆಚ್ಚು; ಇವುಗಳಲ್ಲಿ ಎರಡು ಮೂರು ಮಿಲಿಲೀಟರು ಸಲೀಸು. ಆದರೆ ಇಂಕು ಕಾಲುಭಾಗಕ್ಕೆ ಇಳಿದಾಗ ಒಳಗೆ ಗಾಳಿಯೇ ಜಾಸ್ತಿ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಪೆನ್ನು ಇಂಕು ಕಕ್ಕುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಬಂದು ಅಂಗಿಯ ಜೇಬು ನೋಡಿಕೊಂಡವರಿಗೆ ಇದರ ಇನ್ನೊಂದು ಮುಖ ಗೊತ್ತು. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಬರುವಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಇಳಿದಿರುತ್ತದೆ, ಪೆನ್ನಿನೊಳಗಿನ ಗಾಳಿ ಅಷ್ಟೇ ಹಿಗ್ಗಿ ಇಂಕನ್ನು ಹೊರದಬ್ಬುತ್ತದೆ. ಘಟ್ಟ ಹತ್ತುವ ಮುಂಚೆ ಪೆನ್ನನ್ನು ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ನಿಬ್ಬು ಮೇಲೆ ಮಾಡಿಟ್ಟುಕೊಳ್ಳಿ.

ಹಳೆಯ ಪೆನ್ನುಗಳ ಪೇಟೆ

ಸಂಗ್ರಹ ಶುರುವಾಗುವುದು ಸಾಮಾನ್ಯವಾಗಿ ಹಳೆಯ ಪೆನ್ನಿನಿಂದ. ಅದರಲ್ಲಿ ಪಾರ್ಕರ್ 51ಕ್ಕೆ ಸಾಟಿಯಿಲ್ಲ. ಕಂಪನಿಗೆ 51 ವರ್ಷ ತುಂಬಿದ 1939ರಲ್ಲಿ ರೂಪುಗೊಂಡು 1941ರಲ್ಲಿ ಅಮೆರಿಕದ ಪೇಟೆಗೆ ಬಂತು. ಬೇಗ ಆರುವ ಹೊಸ ಇಂಕೊಂದನ್ನು ಪಾರ್ಕರ್ ಮಾಡಿತ್ತು. ಆ ಇಂಕಿನ ಕ್ಷಾರ ಎಷ್ಟು ತೀಕ್ಷ್ಣವೆಂದರೆ ಬೇರೆ ಪೆನ್ನುಗಳ ಮೈಯನ್ನೇ ಹಾಳುಮಾಡುತ್ತಿತ್ತು. ಅದನ್ನು ತಡೆಯುವ ಲೂಸೈಟ್ ಎಂಬ ಹೊಸ ಪ್ಲಾಸ್ಟಿಕ್ಕಿನ ಮೈ, ಇಂಕು ತುದಿಯಲ್ಲೇ ಒಣಗದಿರಲೆಂದು ತುದಿಯಷ್ಟೇ ಹೊರಗೆ ಕಾಣುವಂತೆ ಮುಸುಕು ಹಾಕಿದ ನಿಬ್ಬು: ಆ ಪೆನ್ನಿನ ಚೆಲುವೆಲ್ಲ ಹುಟ್ಟಿದ್ದು ಈ ಅನಿವಾರ್ಯದಿಂದ. 1945ರ ಮೇ ತಿಂಗಳಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಜರ್ಮನಿ ಶರಣಾದಾಗ ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ಗೆಲುವಿನ ಗುರುತಾಗಿ ಕ್ಯಾಮೆರಾ ಮುಂದೆ ಎತ್ತಿಹಿಡಿದ ಪೆನ್ನುಗಳು ಈ ಜಾತಿಯವೇ. ನಮ್ಮ ಮನೆಗಳಿಗೆ ಅದು ಬಂದದ್ದು ಫಾರಿನ್ನಿಂದ ಮರಳಿದವರ ಉಡುಗೊರೆಯಾಗಿ. ಅದು ಎಟುಕದವರಿಗೆ ಶಾಂಘೈಯ ಹೀರೋ ಪೆನ್ನಿತ್ತು, ಅದೇ ಮುಸುಕು, ಅದೇ ಬಾಣದಂಥ ಕ್ಲಿಪ್ಪು.

1948ರ ನಂತರದ 51ರಲ್ಲಿ ಒತ್ತಿ ತುಂಬುವ ಪಾರದರ್ಶಕ ಚೀಲವಿದೆ. ಎಪ್ಪತ್ತು ವರ್ಷ ಕಳೆದರೂ ಅದು ಕೆಲಸ ಮಾಡುವ ಪೆನ್ನುಗಳನ್ನು ಕಂಡಿದ್ದೇನೆ. ಹಳೆಯದನ್ನು ಕೊಳ್ಳುವಾಗ ಚೀಲದೊಳಕ್ಕೆ ನೀರು ಎಳೆಯುತ್ತದೆಯೇ ನೋಡಿ. ಮುಸುಕಿನ ಅಂಚಿನಲ್ಲಿ ಕೂದಲಷ್ಟು ಬಿರುಕಿದ್ದರೂ ಬಿಟ್ಟುಬಿಡಿ. 1940ರ ದಶಕದ ಪಾರ್ಕರ್‌ಗಳ ಮೈಮೇಲೆ ಇಸವಿಯ ಕೊನೆಯ ಅಂಕಿ, ಜೊತೆಗೆ ಯಾವ ಮೂರು ತಿಂಗಳಲ್ಲಿ ಮಾಡಿದ್ದೆಂದು ತಿಳಿಸುವ ಚುಕ್ಕೆಗಳಿರುತ್ತವೆ. ಮಾರುವವರು ಹೇಳುವ ವಯಸ್ಸಿಗೆ ಅದು ತಾಳೆಯಾಗಬೇಕು. ಒಂದರ ಮುಚ್ಚಳ, ಇನ್ನೊಂದರ ಮೈ, ಮತ್ತೊಂದರ ನಿಬ್ಬು ಕೂಡಿಸಿದ ಪೆನ್ನುಗಳು ನಮ್ಮ ಹಳೇ ಸಾಮಾನಿನ ಪೇಟೆಯಲ್ಲಿ ತುಂಬಾ. ಬರೆಯಲು ಅವುಗಳಿಂದ ತೊಂದರೆಯಿಲ್ಲ, ಸಂಗ್ರಹದ ಬೆಲೆ ಮಾತ್ರ ಕೊಡಬೇಡಿ. ಮೈಮೇಲೆ ಯಾರದೋ ಹೆಸರು ಕೊರೆದಿದ್ದರೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ. ನನಗೆ ಅಂಥದ್ದೇ ಇಷ್ಟ, ಅಗ್ಗವೂ ಹೌದು.

51ಕ್ಕಿಂತ ಹಿಂದಿನ ಪೆನ್ನುಗಳಲ್ಲಿ ಹೆಚ್ಚಿನವಕ್ಕೆ ರಬ್ಬರಿನ ಚೀಲ. ಇಷ್ಟು ಹೊತ್ತಿಗೆ ಅದು ಕಲ್ಲಾಗಿರುತ್ತದೆ, ಇಲ್ಲವೇ ಟಾರಿನಂತೆ ಕರಗಿರುತ್ತದೆ. ಬದಲಿಸುವುದು ಕಷ್ಟವಲ್ಲ, ಆದರೆ ಅಂಟಿಸಲು ಅರಗಿನಿಂದ ಮಾಡುವ ಷೆಲ್ಯಾಕ್ ಮಾತ್ರ ಬಳಸಬೇಕು. ಮುಂದೊಮ್ಮೆ ಹದವಾಗಿ ಬಿಸಿ ಮಾಡಿದರೆ ಅದು ಬಿಟ್ಟುಕೊಳ್ಳುತ್ತದೆ. ಫೆವಿಕ್ವಿಕ್ ಹಾಕಿದ ಪೆನ್ನನ್ನು ಬ್ರಹ್ಮನೂ ಬಿಚ್ಚಲಾರ. 1920ರಿಂದ 40ರವರೆಗಿನ ಬಣ್ಣಬಣ್ಣದ ಸೆಲ್ಯುಲಾಯ್ಡ್ ಪೆನ್ನುಗಳು ಕಣ್ಣಿಗೆ ಹಬ್ಬ. ಆದರೆ ಆ ವಸ್ತು ಒಳಗಿನಿಂದ ಕೊಳೆಯಬಲ್ಲದು, ಕೊಳೆಯುವಾಗ ಬಿಡುವ ಆವಿ ಪಕ್ಕದ ಪೆನ್ನಿನ ಲೋಹವನ್ನೂ ತಿನ್ನುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಅವನ್ನು ಎಲ್ಲದರ ಜೊತೆ ತುಂಬಿಡಬೇಡಿ.

ಬೆಲೆ ಪ್ರಾಮಾಣಿಕವಾಗಿ ಏರುವ ಜಾಗವೂ ಇದೆ. ಪೈಲಟ್ ಕಂಪನಿಯ ನಮಿಕಿ ಪೆನ್ನುಗಳ ಮೇಲೆ ಜಪಾನಿನ ಕಲಾವಿದರು ಉರುಶಿ ಮರದ ಹಾಲಿನ ಮೆರುಗೆಣ್ಣೆ ಹಚ್ಚಿ, ಅದು ಹಸಿಯಿರುವಾಗಲೇ ಚಿನ್ನದ ಪುಡಿ ಉದುರಿಸಿ ಚಿತ್ರ ಬಿಡಿಸುತ್ತಾರೆ. ಒಂದು ಪದರ ಗಟ್ಟಿಯಾಗಲು ತೇವದ ಗಾಳಿ ಬೇಕು, ಸಮಯ ಬೇಕು. ಪದರದ ಮೇಲೆ ಪದರ, ನಡುವೆ ಉಜ್ಜುವಿಕೆ, ಹೀಗೆ ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿ ಕೊಡುವುದು ಕೈಕೆಲಸಕ್ಕೆ. ಸಾವಿರಗಟ್ಟಲೆ ಅಚ್ಚು ಹೊಡೆದು ‘ಸೀಮಿತ ಆವೃತ್ತಿ’ ಎಂದು ನಂಬರು ಒತ್ತಿದ ಪೆನ್ನಿಗೆ ನಾನು ಆ ಗೌರವ ಕೊಡಲಾರೆ. ಮುಂದೆ ಬೆಲೆ ಬರುತ್ತದೆ ಎಂದು ಅದನ್ನು ಕೊಂಡು ಡಬ್ಬಿ ಬಿಚ್ಚದೆ ಇಟ್ಟವರು ನಿರಾಶರಾಗುವುದೇ ಹೆಚ್ಚು. ಸಂಗ್ರಹಕ್ಕೆ ಒಂದು ಎಲ್ಲೆ ಹಾಕಿಕೊಳ್ಳಿ: ದಕ್ಷಿಣ ಭಾರತದ ಎಬೊನೈಟ್ ಪೆನ್ನುಗಳು ಮಾತ್ರ, ಅಥವಾ ಇಂಕು ತುಂಬುವ ಬೇರೆ ಬೇರೆ ಉಪಾಯಗಳದ್ದು ಒಂದೊಂದು, ಅಥವಾ ಒಂದೇ ಕಂಪನಿಯ ಒಂದು ದಶಕ. ಎಲ್ಲೆಯಿಲ್ಲದ ಸಂಗ್ರಹ ಬೇಗ ಬರೀ ಖರೀದಿಯಾಗುತ್ತದೆ.

ಇಂಕಿನ ಬಗ್ಗೆ ಎರಡೇ ಮಾತು. ಕ್ಯಾಮ್ಲಿನ್, ಬ್ರಿಲ್, ಸ್ವದೇಶಿ ಕಾಲದಲ್ಲಿ 1934ರಲ್ಲಿ ಬಂಗಾಳದಲ್ಲಿ ಹುಟ್ಟಿ ಮುಚ್ಚಿ ಮತ್ತೆ ತೆರೆದ ಸುಲೇಖಾ, ಯಾವುದಾದರೂ ಆದೀತು. ಚಿತ್ರ ಬಿಡಿಸುವ ಇಂಡಿಯನ್ ಇಂಕನ್ನು ಮಾತ್ರ ಹಾಕಬೇಡಿ, ಅದರ ಮಸಿಪುಡಿ ಮತ್ತು ಅಂಟು ನಾಲಿಗೆಯ ಗೀರುಗಳಲ್ಲಿ ಸಿಮೆಂಟಾಗುತ್ತದೆ. ಇಂಕು ಬದಲಿಸುವಾಗ ತಣ್ಣೀರಿನಲ್ಲಿ ತೊಳೆದರೆ ಸಾಕು.

ಈ ಭಾನುವಾರ ಮನೆಯ ಹಳೇ ಮೇಜಿನ ಡ್ರಾಯರು, ತಾತನ ಟ್ರಂಕು ಒಮ್ಮೆ ತೆರೆದು ನೋಡಿ. ಇಂಕು ಒಣಗಿ ಕಚ್ಚಿಕೊಂಡ ಪೆನ್ನೊಂದು ಸಿಕ್ಕರೆ ಗುಜರಿಗೆ ಹಾಕುವ ಮುಂಚೆ ನಿಬ್ಬು ಒರೆಸಿ ಅಂಕಿ ಓದಿ. ಪೆನ್ನಿನ ಮೈಯನ್ನು ಒದ್ದೆ ಮಾಡದೆ ನಿಬ್ಬಿನ ಭಾಗವನ್ನಷ್ಟೇ ಒಂದು ರಾತ್ರಿ ತಣ್ಣೀರಿನಲ್ಲಿ ಅದ್ದಿಡಿ, ನೀರು ನೀಲಿಯಾದರೆ ಬದಲಿಸಿ ಇನ್ನೊಂದು ರಾತ್ರಿ ಇಡಿ. ಮರೆ ಆಗಲೂ ಬಿಚ್ಚದಿದ್ದರೆ ಬಲ್ಲವರ ಕೈಗೆ ಕೊಡಿ. ಇಕ್ಕಳ ಮಾತ್ರ ಹಾಕಬೇಡಿ.